ವಾಪಸ್ ಹೋದ ಕಿತ್ತಳೆ ಬುಟ್ಟಿ

"ಎಳೀಬೇಡಿ! ತೊಟ್ಟು ಕಿತ್ತು ಬಂದ್ರೆ ಹಣ್ಣು ಬೇಗ ಕೊಳೆಯುತ್ತೆ."

ಬೆನ್ನ ಹಿಂದಿನಿಂದ ಬಂದ ಆ ದನಿಗೆ ಅವಳ ಕೈ ಕೊಂಬೆಯ ಮೇಲೇ ನಿಂತುಬಿಟ್ಟಿತು. ಈ ಜನ್ಮದಲ್ಲಿ ಮತ್ತೆ ಕೇಳುವುದಿಲ್ಲ ಎಂದುಕೊಂಡಿದ್ದ ದನಿ!

ತಿರುಗಿದಳು. ಅವನೇ. ಬಿಸಿಲಿಗೆ ಕಪ್ಪಾಗಿದ್ದ, ಸ್ವಲ್ಪ ಇಳಿದಿದ್ದ. ಮೂಗಿನ ಮೇಲೆ ಮಾತ್ರ ಅವಳೇ ಆರಿಸಿ ಕೊಟ್ಟಿದ್ದ ಅದೇ ಕನ್ನಡಕ.

ಅವನ ಕೈಯಲ್ಲಿದ್ದ ಕತ್ತರಿ ಜಾರಿ ಹುಲ್ಲಿನ ಮೇಲೆ ಬಿತ್ತು.

"ನೀವು... ಇಲ್ಲಿ?"

ನೀವಂತೆ ನೀವು! 'ಲೇ, ಬಾರೇ ಇಲ್ಲಿ' ಎಂದು ಕರೆಯುತ್ತಿದ್ದ ಬಾಯಿ ಇದು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಮನೆಯವರ ಜೊತೆ ಬಂದಿದೀನಿ. ನಿಮ್ಮ ತೋಟ ಅಂತ ಗೊತ್ತಿದ್ದಿದ್ರೆ ಈ ಕಡೆ ತಲೆ ಹಾಕಿಯೂ ಮಲಗ್ತಿರ್ಲಿಲ್ಲ!"

ಅವನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಬಂದೇಬಿಟ್ಟಳು. "ಪುಟ್ಟೀ, ಎಲ್ಲಿ ಮಾಯ ಆದೆ? ಪಾಪ ಡಾಕ್ಟ್ರು ಒಬ್ರೇ ಬುಟ್ಟಿ ಹಿಡ್ಕೊಂಡು ನಿಂತಿದಾರೆ. ನಡಿ ನಡಿ!"

ಈ ಹಣ್ಣು ಕೀಳುವ ಪ್ರವಾಸ ಅತ್ತಿಗೆಯದೇ ಉಪಾಯ. ಎದುರುಬದುರು ಕೂರಿಸಿದರೆ ಹುಡುಗ ಹುಡುಗಿ ಇಬ್ಬರೂ ನೆಲ ನೋಡುತ್ತಾರೆ, ಮರದ ಕೆಳಗೆ ಬಿಟ್ಟರೆ ಮಾತಾಡುತ್ತಾರೆ ಎಂದು ಅವಳ ಲೆಕ್ಕಾಚಾರ. ಹುಡುಗ ಹಲ್ಲಿನ ಡಾಕ್ಟರು. ಒಳ್ಳೆಯವನು, ದೇವರಾಣೆಗೂ ಒಳ್ಳೆಯವನು! ಬೆಳಗ್ಗೆ ಹೊರಡುವಾಗಲೇ ಅಪ್ಪ ಹೇಳಿದ್ದರು, "ವಾಪಸ್ ಬರೋಷ್ಟರಲ್ಲಿ ಹೂಂ ಅಥವಾ ಊಹೂಂ ಹೇಳ್ಬಿಡಮ್ಮ. ಇನ್ನೂ ಅವರನ್ನ ಕಾಯಿಸೋದು ಮರ್ಯಾದೆ ಅಲ್ಲ."

ಹೂಂ ಅನ್ನೋಣ ಎಂದೇ ಬಂದಿದ್ದಳು. ಈಗ ನೋಡಿದರೆ ಆ ಒಂದಕ್ಷರ ಹೊರಡುವಂತೆ ಕಾಣಲಿಲ್ಲ.

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವನು ಕೆಲವು ವರ್ಷಗಳ ಹಿಂದೆ ಯಾರದೋ ನರ್ಸರಿಯಲ್ಲಿ ಗಿಡಕ್ಕೆ ಕಸಿ ಕಟ್ಟುತ್ತಿದ್ದವನು. ಒಡೆದ ಕನ್ನಡಕ ಹಿಡಿದು ಬಂದವನು ಮನಸ್ಸನ್ನೇ ಹೊತ್ತುಕೊಂಡು ಹೋದ. ಮನೆಯಲ್ಲಿ ಹೇಳುವ ಮೊದಲು ಅವಳೇ ಷರತ್ತು ಹಾಕಿದ್ದಳು. "ಬರಿಗೈಲಿ ಬಂದ್ರೆ ಅಪ್ಪ ಒಪ್ಪಲ್ಲ. ನಿನ್ನ ಸ್ವಂತ ತೋಟದ ಮೊದಲ ಹಣ್ಣು ನನ್ನ ಕೈಗೆ ಕೊಡು, ಅವತ್ತೇ ಮಾತಾಡ್ತೀನಿ. ಅಲ್ಲೀವರೆಗೆ ಫೋನೂ ಬೇಡ."

ಕಾದಳು. ಕಾದೂ ಕಾದೂ ಹೋದ ವರ್ಷ ಅಂಗಡಿಗೆ ಅವನ ಬುಟ್ಟಿ ಬಂತು, ಯಾರೋ ಡ್ರೈವರ್ ಕೈಯಲ್ಲಿ. ಮುಚ್ಚಿದ ಬಟ್ಟೆ ಸರಿಸಿದರೆ... ಹಸಿರು ಹಸಿರು ಕಾಯಿ! ಒಂದಾದರೂ ಹಣ್ಣಿಲ್ಲ, ಒಂದು ಮಾತೂ ಇಲ್ಲ. 'ಇನ್ನೂ ಟೈಮಿದೆ, ಕಾಯಬೇಡ' ಎಂದು ಅಣಕಿಸಿದ್ದಾನೆ ಅಂದುಕೊಂಡಳು. ಬುಟ್ಟಿಯನ್ನು ನಿಂತ ಕಾಲಲ್ಲೇ ಅದೇ ಡ್ರೈವರ್ ಕೈಯಲ್ಲಿ ವಾಪಸ್ ಕಳಿಸಿದಳು.

ಹಠವೇನು ಕಮ್ಮಿಯೇ ಇವಳಿಗೆ!

ಈಗ ಅದೇ ಮನುಷ್ಯ ಅವಳ ಮನೆಯವರಿಗೆಲ್ಲ ಕತ್ತರಿ ಹಿಡಿಯುವುದನ್ನು ಕಲಿಸುತ್ತ ನಡೆಯುತ್ತಿದ್ದ. ಅವಳ ಪಕ್ಕದಲ್ಲಿ ಡಾಕ್ಟರು ಏನೋ ಹೇಳುತ್ತಿದ್ದರು, ಅವಳು ಏನೋ ತಲೆಯಾಡಿಸುತ್ತಿದ್ದಳು.

"ಚಿಕ್ಕ ವಯಸ್ಸಿಗೇ ಇಷ್ಟು ದೊಡ್ಡ ತೋಟ ಮಾಡಿದೀಯಲ್ಲಪ್ಪ, ಭೇಷ್!" ಎಂದರು ಅಪ್ಪ.

"ಒಬ್ರು ಹೇಳಿದ್ರು ಸಾರ್, ಸ್ವಂತ ತೋಟದ ಮೊದಲ ಹಣ್ಣು ಕೊಡು ಅಂತ. ಆ ಮಾತಿಗೆ ಮಾಡಿದ್ದು."

ಅವಳು ಥಟ್ಟನೆ ತಲೆಯೆತ್ತಿದಳು. ಅಯ್ಯೋ, ಬಾಯಿ ಬಿಡ್ತಾನಲ್ಲ!

"ಕೊಟ್ಯಾ ಮತ್ತೆ?"

"ಕೊಟ್ಟೆ. ಬುಟ್ಟಿ ಹಾಗೇ ವಾಪಸ್ ಬಂತು."

ಎಂಥಾ ಸುಳ್ಳ! ಕಾಯಿ ಕಳಿಸಿ ಹಣ್ಣು ಅಂತಾನಲ್ಲ... ಅವಳು ತುಟಿ ಕಚ್ಚಿ ಹಿಡಿದಳು. ಬಾಯಿ ತೆರೆದರೆ ಅಳು ಬರುವಂತಿತ್ತು.

ಅಷ್ಟರಲ್ಲಿ ಸಾಲಿನ ಕೊನೆಯಲ್ಲಿ, ಹಸಿರೇ ತುಂಬಿದ್ದ ಬೇರೊಂದು ಮರದ ಹತ್ತಿರ, ಜೊತೆಗೆ ಬಂದಿದ್ದ ಅಜ್ಜಿ ಕಂಡರು. ಕಣ್ಣಿಗೆ ಪೊರೆ ಬಂದಿರುವ ಅಜ್ಜಿಗೆ ಹಸಿರೂ ಒಂದೇ, ಹಳದಿಯೂ ಒಂದೇ. ಕೈಗೆ ಸಿಕ್ಕಿದ್ದನ್ನು ಸುಲಿಯುತ್ತ ನಿಂತಿದ್ದರು.

"ಅಜ್ಜೀ, ಅದು ಕಾಯಿ! ಹಲ್ಲು ಜುಮ್ ಅನ್ನುತ್ತೆ!" ಅವಳು ಓಡಿದಳು.

"ಇರೋದೇ ನಾಲ್ಕು ಹಲ್ಲು, ಹಲ್ಲಿನ ಡಾಕ್ಟ್ರೂ ಜೊತೇಲೇ ಬಂದಿದಾನೆ. ಬಿಡೇ!" ಅಜ್ಜಿ ಒಂದು ತೊಳೆ ಬಾಯಿಗೆ ಹಾಕಿಕೊಂಡರು. ಮುಖ ಅರಳಿತು. "ಕಾಯಂತೆ ಕಾಯಿ! ಸಕ್ಕರೆ ಕಣೇ. ತಗೋ, ಬಾಯಿ ತೆಗಿ."

ಬೇಡ ಎನ್ನುವಷ್ಟರಲ್ಲಿ ತೊಳೆ ನಾಲಿಗೆಯ ಮೇಲಿತ್ತು.

ಸಿಹಿ...

ಅವಳು ಅಜ್ಜಿಯ ಕೈಯಲ್ಲಿದ್ದ ಸಿಪ್ಪೆ ನೋಡಿದಳು. ಅಚ್ಚ ಹಸಿರು. ಬುಟ್ಟಿಯಲ್ಲಿದ್ದದ್ದೂ ಇದೇ ಹಸಿರು.

"ಈ ಜಾತಿ ಹೀಗೇ," ಹಿಂದೆ ಬಂದು ನಿಂತಿದ್ದ ಅವನು ಮೆಲ್ಲಗೆ ಹೇಳಿದ. "ಒಳಗೆ ಹಣ್ಣಾಗಿರುತ್ತೆ. ಚಳಿ ಬೀಳದೆ ಸಿಪ್ಪೆ ಹಳದಿ ಆಗಲ್ಲ."

"ಅದನ್ನ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ಕೂಗಿಯೇ ಬಿಟ್ಟಳು! ಅತ್ತಿಗೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅಪ್ಪ ಕತ್ತರಿ ಹಿಡಿದವರು ಹಾಗೇ ನಿಂತರು.

"ತಿಂದು ನೋಡ್ತೀಯ ಅಂದ್ಕೊಂಡೆ ಕಣೇ..."

"ಕಾಯಬೇಡ ಅಂತ ಕಳಿಸಿದೀಯ ಅಂದ್ಕೊಂಡೆ ನಾನು! ನೀನೇ ಯಾಕೆ ಬರ್ಲಿಲ್ಲ?"

ಅವನು ಕನ್ನಡಕ ತೆಗೆದು ಒರೆಸಿದ. "ಕೊಯ್ಲು ಇತ್ತು ಅಂತ ಹೇಳ್ಬಹುದು. ಸುಳ್ಳು. ನೀನು ಬೇಡ ಅಂದ್ರೆ ಎದುರಿಗೆ ನಿಂತು ಕೇಳೋ ಧೈರ್ಯ ಇರ್ಲಿಲ್ಲ. ಬುಟ್ಟಿ ವಾಪಸ್ ಬಂದಾಗ... ಉತ್ತರ ಸಿಕ್ತು ಅಂದ್ಕೊಂಡೆ."

ಅಜ್ಜಿ ಇನ್ನೊಂದು ತೊಳೆ ಬಿಡಿಸಿದರು.

ಅವಳು ಡಾಕ್ಟರ ಕಡೆ ತಿರುಗಿ ಕೈ ಮುಗಿದಳು. "ನಿಮ್ಮಲ್ಲಿ ಒಂದು ಕುಂದೂ ಇಲ್ಲ. ದಯವಿಟ್ಟು ಕ್ಷಮಿಸಿ." ನಂತರ ಇತ್ತ ತಿರುಗಿ, "ಅಪ್ಪ, ಉತ್ತರ ಕೇಳಿದ್ರಲ್ಲ... ಊಹೂಂ."

ಡಾಕ್ಟರ ಮುಖ ಒಂದು ಗಳಿಗೆ ಸಣ್ಣದಾಯಿತು. ಅಜ್ಜಿಯ ಕೈಯಿಂದ ಒಂದು ತೊಳೆ ತೆಗೆದುಕೊಂಡು ತಿಂದರು. "ಇಷ್ಟು ಸಿಹಿ ಹಲ್ಲಿಗೆ ಒಳ್ಳೇದಲ್ಲ," ಎಂದು ನಗಲು ನೋಡಿದರು. "ಆದ್ರೆ ಮದುವೆ ಆದ್ಮೇಲೆ ಗೊತ್ತಾಗೋದಕ್ಕಿಂತ ಈಗ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು." ಬುಟ್ಟಿಯನ್ನು ಮರದ ಬುಡದಲ್ಲಿಟ್ಟು ಕಾರಿನ ಕಡೆ ನಡೆದರು.

ಅಪ್ಪನ ಕಣ್ಣು ಮಗಳನ್ನು ಬಿಟ್ಟು ಅಲ್ಲಾಡಲಿಲ್ಲ. "ನನ್ನ ಹತ್ರ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ಹೇಳೋಳಿದ್ದೆ ಅಪ್ಪ... ಹಣ್ಣು ಬಂದ ದಿನ."

ಅಳು ಕಟ್ಟೆಯೊಡೆಯಿತು. ಅಪ್ಪ ತಡವಾಗಿ, ಬಹಳ ತಡವಾಗಿ, ಅವಳ ತಲೆ ಸವರಿದರು. ನಂತರ ಅವನಿಗೆ, ಗಡುಸಾಗಿಯೇ, "ಭಾನುವಾರ ಮನೆಗೆ ಬಾಪ್ಪ. ಡ್ರೈವರ್ ಕಳಿಸ್ಬೇಡ, ನೀನೇ ಬಾ."

ಎಲ್ಲರೂ ಮುಂದೆ ಹೋದರು. ಅವನು ಕತ್ತರಿ ತೆಗೆದು, ಒಂದು ಹಸಿರು ಹಣ್ಣು ತೊಟ್ಟಿನ ಹತ್ತಿರ ಕತ್ತರಿಸಿ ಅವಳ ಅಂಗೈಯಲ್ಲಿಟ್ಟ.

"ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡೋಳು... ಒಂದು ಹಣ್ಣು ಕಾಣ್ಲಿಲ್ವಲ್ಲೇ ನಿಂಗೆ!"

"ಸುಮ್ನಿರೋ. ಒಂದು ವರ್ಷ ಅಳಿಸಿದೀಯ."

"ಈ ಸಲ ಬುಟ್ಟಿ ವಾಪಸ್ ಬರುತ್ತಾ?"

ಅವಳು ಹಣ್ಣನ್ನು ಎದೆಗೊತ್ತಿಕೊಂಡಳು. ಅಳುತ್ತಲೇ ನಕ್ಕಳು.

"ಬುಟ್ಟಿ ಬರಲ್ಲ... ನಾನೇ ಬರ್ತೀನಿ."