ರಾಜಶೇಖರ್ ಬಚ್ಚಿಟ್ಟ ರಿಪೋರ್ಟ್

ಮೂರು ವಾರ ಫೋನ್ ಎತ್ತದ ರಾಜಶೇಖರ್ ಕೊನೆಗೂ ಚಂದ್ರವಳ್ಳಿ ಕೆರೆ ಏರಿಗೆ ಬಂದಿದ್ದ. ಸರ್ವಮಂಗಳ ಪಕ್ಕದಲ್ಲಿ ಕುಳಿತರೆ ಅವನು ಒಂದು ಮಾರು ದೂರ ಸರಿದ.

"ನೀವು ಬೇರೆ ಯಾರನ್ನಾದ್ರೂ ನೋಡ್ಕಳ್ರಿ," ಎಂದ.

ಹೊಸದುರ್ಗದ ಕಾಲೇಜಿನಲ್ಲಿ ಒಟ್ಟಿಗೆ ಓದಿದವನು, ಶ್ರೀರಾಂಪುರದಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟವನು, ಎಂಟು ವರ್ಷದಿಂದ ಅವಳನ್ನು ಏಕವಚನದಲ್ಲೇ ಕರೆದವನು. ಆ 'ರಿ' ಅವಳ ಎದೆಗೆ ಚುಚ್ಚಿತು.

"ಯಾರವಳು?"

ಅವನು ಕಣ್ಣೆತ್ತದೆ, ಜೇಬಿನಿಂದ ಮಡಚಿದ ಕಾಗದ ತೆಗೆದು ಕಲ್ಲಿನ ಮೇಲಿಟ್ಟ. ರಕ್ತದಾನ ಶಿಬಿರದವರು ಕೊಟ್ಟ ರಿಪೋರ್ಟ್. ಹೆಪಟೈಟಿಸ್ ಬಿ, ಪಾಸಿಟಿವ್.

ಸರ್ವಮಂಗಳ ಓದಿ ಉಸಿರು ಬಿಟ್ಟಳು. ನಗುವೇ ಬಂತು. "ಇಷ್ಟೇನಾ? ಬೇರೆ ಹುಡುಗಿ ಸಿಕ್ಕವ್ಳೆ ಅನ್ಕಂಡು ಮೂರು ವಾರ ನಿದ್ದೆ ಮಾಡಿಲ್ಲ ನಾನು."

"ನಗಬ್ಯಾಡ. ನಮ್ಮಪ್ಪ ಹೋಗಿದ್ದು ಲಿವರ್ ಕೆಟ್ಟೇ. ನಿಂಗೂ ಅಂಟಿಸ್ಲಾ?"

ಅವನ ರೆಪ್ಪೆ ಒದ್ದೆಯಾಗಿತ್ತು. ಅವಳು ನಗು ನಿಲ್ಲಿಸಿ ಹತ್ತಿರ ಸರಿದಳು. ಚಿತ್ರದುರ್ಗದ ಲ್ಯಾಬಿನಲ್ಲಿ ನಾಲ್ಕು ವರ್ಷದಿಂದ ಅವಳು ಅಧ್ಯಯನ ಮಾಡುತ್ತಿದ್ದುದು ಇದೇ ವೈರಸ್ಸನ್ನು.

"ಕೇಳಿಲ್ಲಿ. ಲಿವರ್‌ನ ಜೀವಕೋಶಕ್ಕೆ ವೈರಸ್ ಹೊಕ್ಕೈತೆ ಅಂತ ಗೊತ್ತಾದ್ರೆ, ಒಂದು ಪ್ರೋಟೀನ್ ಇನ್ನೊಂದಕ್ಕೆ ಸುದ್ದಿ ಮುಟ್ಟಿಸ್ತೈತೆ, ಅದು ಮತ್ತೊಂದಕ್ಕೆ. ಆ ಸಿಗ್ನಲ್ ಸರಿಯಾಗಿ ಹೋದ್ರೆ ವೈರಸ್ ತನ್ನ ನಕಲು ಮಾಡ್ಕಳದು ಕಮ್ಮಿ ಆಗ್ತೈತೆ. ಕೆಲವು ಸಿಗ್ನಲ್ಲನ್ನ ವೈರಸ್ಸೇ ತನಗೆ ಬೇಕಾದಂಗೆ ತಿರುಗಿಸ್ಕಂತೈತೆ. ನಿನ್ನೊಳಗೆ ಯಾವುದರ ಕೈ ಮೇಲಾಗೈತೆ ಅಂತ ಟೆಸ್ಟ್ ಮಾಡಿಸ್ದೆ ಹೆಂಗೆ ಹೇಳ್ತೀಯ?"

"ನಿಂಗೆ ಬಂದ್ರೆ?"

"ಲ್ಯಾಬ್ ಸೇರೋವಾಗ್ಲೇ ವ್ಯಾಕ್ಸಿನ್ ಹಾಕಿಸ್ಕಂಡೀನಿ. ಪಕ್ಕ ಕುಂತ್ರೆ ಅದು ಯಾರಿಗೂ ಬರಲ್ಲ." ಗ್ರೀಸ್ ಮೆತ್ತಿದ ಅವನ ಬೆರಳು ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

ಇಬ್ಬರೂ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದರು. ಹತ್ತು ದಿನಕ್ಕೆ ಫಲಿತಾಂಶ ಬಂತು.

"ವೈರಸ್ ತೀರಾ ಕಮ್ಮಿ ಐತೆ, ಲಿವರ್ ಚೆನ್ನಾಗೈತೆ," ಎಂದರು ಡಾಕ್ಟರ್. "ಸದ್ಯಕ್ಕೆ ಮಾತ್ರೆ ಬೇಡ. ಆರು ತಿಂಗಳಿಗೊಂದ್ಸಲ ಬಂದು ತೋರಿಸ್ರಿ. ಇವರಿಗೆ ವ್ಯಾಕ್ಸಿನ್ ಚೆನ್ನಾಗಿ ಹಿಡಿದೈತೆ, ಭಯ ಇಲ್ಲ."

ರಾಜಶೇಖರ್ ಹೊರಗಿನ ಬೆಂಚಿನ ಮೇಲೆ ಕುಸಿದು ಕುಳಿತ. ಆಮೇಲೆ ಮೆಲ್ಲಗೆ, "ಹೊಟ್ಟೆ ಹಸಿತೈತೆ ಕಣೇ," ಎಂದ. ತಿಂಗಳ ಮೇಲೆ ಮೊದಲ ಸಲ ಹಸಿದಿದ್ದ.

ಸರ್ವಮಂಗಳ ಕಣ್ಣೊರೆಸಿಕೊಂಡು ನಕ್ಕಳು.

"ಆರು ತಿಂಗಳಿಗೊಂದ್ಸಲ ಬರ್ಬೇಕಂತೆ," ಅವನು ಅವಳ ಮುಖವನ್ನೇ ನೋಡುತ್ತ ಕೇಳಿದ. "ಜೊತೆಗೆ ಬರ್ತೀಯಾ?"

"ಎಷ್ಟು ವರ್ಷ?"

"ಇಬ್ರೂ ಮುದುಕ್ರಾಗೋ ತಂಕ."

ಅವಳು ಅವನ ಭುಜಕ್ಕೆ ತಲೆ ಆನಿಸಿದಳು. ಓಡಾಡುವ ಜನ ನೋಡುತ್ತಿದ್ದರೂ ಎತ್ತಲಿಲ್ಲ.

"ಬರ್ತೀನಿ. ಮೊದ್ಲು ಊಟ ಮಾಡಾಣ ನಡಿ. ಆಮೇಲೆ ನಮ್ಮಪ್ಪನತ್ರ ಹೋಗಾಣ."