ತೆಲೇಸಿಯಾಳ ಹೊಟ್ಟೆ, ಟೀಚರ್ ಹೊಟ್ಟೆ

“ಅಯ್ಯಯ್ಯೋ! ಹೊಟ್ಟೆ!”

ತೆಲೇಸಿಯಾ ಚಾಪೆಯ ಮೇಲೆ ಎಡಕ್ಕೆ ಉರುಳಿದಳು. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಹಾಗಾಗಿ ಬಲಕ್ಕೆ, ಅಜ್ಜಿ ಇದ್ದ ಕಡೆಗೆ ಉರುಳಿದಳು.

ಸಮೋವಾ ದ್ವೀಪದ, ಬರೀ ಕಂಬಗಳಿರುವ, ಗೋಡೆಯಿಲ್ಲದ ಮನೆಯಲ್ಲಿ ನಾಟಕ ಆಡುವುದು ಸುಲಭವಲ್ಲ. ರಸ್ತೆಯಲ್ಲಿ ಹೋಗುವವರೆಲ್ಲ ಪುಕ್ಕಟೆ ಪ್ರೇಕ್ಷಕರು. ಚಿಕ್ಕಪ್ಪನ ಮಗ ಸೆಮಿಸಿ ಯೂನಿಫಾರ್ಮಿನ ಪಂಚೆ ಸುತ್ತಿಕೊಳ್ಳುತ್ತಾ ಕಿಸಕ್ಕೆಂದ.

“ಈ ಹೊಟ್ಟೆನೋವಿನ ಹೆಸರು ಇನ್ಸ್‌ಪೆಕ್ಟರ್! ಹತ್ತು ಗಂಟೆಗೆ ಬರುತ್ತೆ, ಮಧ್ಯಾಹ್ನ ಹೋಗುತ್ತೆ!”

ಇವತ್ತು ಬರಲಿದ್ದ ಸ್ಕೂಲ್ ಇನ್ಸ್‌ಪೆಕ್ಟರ್ ಮುಂದೆ ಇಂಗ್ಲಿಷಿನಲ್ಲಿ ಸ್ವಾಗತ ಭಾಷಣ ಮಾಡಬೇಕಾದವಳು ತೆಲೇಸಿಯಾ. ನಿನ್ನೆ ಮೂರನೇ ಸಾಲಿಗೇ ಬಾಯಿ ಒಣಗಿ, ಇಡೀ ಕ್ಲಾಸು ನಕ್ಕಿತ್ತು. “ಹೆದರಿಕೆ ಅನ್ನೋದು ಸೋಮಾರಿಗಳ ನೆಪ!” ಎಂದು ಮಿಸ್ ಪೆನಿನಾ ಗದರಿದ್ದರು. ಇವತ್ತೂ ಹಾಗೇ ಆದರೆ ಸ್ಕೂಲಿಗೆ ಮುಖ ತೋರಿಸುವುದು ಹೇಗೆ?

ಸಿಲಿಯಾ ಅಜ್ಜಿ ಕೊಬ್ಬರಿ ಎಣ್ಣೆಯ ಬಾಟಲಿ ತಂದು ಪಕ್ಕದಲ್ಲಿ ಕೂತಳು. ಊರಿನವರ ಉಳುಕು, ನೋವುಗಳೆಲ್ಲ ಬರುವುದು ಈ ಅಜ್ಜಿಯ ಹತ್ತಿರವೇ. ಅಜ್ಜಿಯ ಕಿವಿಗೆ ಸುಳ್ಳು ಹೇಳಬಹುದು, ಆ ಕೈಗೆ ಹೇಗೆ ಹೇಳುವುದು?

ಅಜ್ಜಿ ಹೊಕ್ಕುಳ ಸುತ್ತ ಒತ್ತಿ ನೋಡಿದಳು.

“ಚೆನ್ನಾಗಾಯ್ತು! ಹೊಕ್ಕುಳ ಹಿಂದೆ ತೆಪ್ಪಗೆ ಕೂತಿರಬೇಕಾದ ಜೀವ, ಹೆದರಿ ಪಕ್ಕೆಲುಬಿನವರೆಗೂ ಹತ್ತಿ ಬಂದಿದೆಯಲ್ಲೇ! ಮುಟ್ಟಿ ನೋಡು.”

ಮುಟ್ಟಿದರೆ ಬೆರಳಿನ ಕೆಳಗೆ ಏನೋ ಡಬಡಬ ಬಡಿದುಕೊಳ್ಳುತ್ತಿತ್ತು. ತೆಲೇಸಿಯಾಗೆ ನಿಜಕ್ಕೂ ಗಾಬರಿಯಾಯಿತು. ಸುಳ್ಳು ಹೇಳಲು ಹೋದವಳಿಗೆ ನಿಜವಾದ ಕಾಯಿಲೆಯೇ ಸಿಕ್ಕಿಬಿಟ್ಟಿತ್ತು.

ಅಜ್ಜಿ ಎಣ್ಣೆ ಹಚ್ಚಿ, ಅಂಗೈಯಿಂದ ಸುತ್ತುಸುತ್ತಾಗಿ ತಿಕ್ಕುತ್ತಾ, ತಪ್ಪಿಸಿಕೊಂಡ ಕೋಳಿಮರಿಯನ್ನು ಗೂಡಿಗೆ ಅಟ್ಟುವ ಹಾಗೆ ಆ ಬಡಿತವನ್ನು ಮೆಲ್ಲಗೆ ಹೊಕ್ಕುಳ ಕಡೆಗೆ ತಂದಳು. ಹೊಟ್ಟೆ ಬೆಚ್ಚಗಾಯಿತು. ಸೆಮಿಸಿ ಸ್ಕೂಲಿಗೆ ಹೊರಟುಹೋದ.

ಅಷ್ಟರಲ್ಲಿ ಯಾರೋ ಬಗ್ಗಿಕೊಂಡು ಓಡಿ ಬಂದರು.

“ಅಜ್ಜೀ, ಬೇಗ ತೆರೆ ಇಳಿಸಿ! ಹೊಟ್ಟೆ ಹಿಡ್ಕೊಂಡಿದೆ. ರಾತ್ರಿಯೆಲ್ಲ ನಿದ್ದೆಯಿಲ್ಲ. ಇನ್ಸ್‌ಪೆಕ್ಟರ್ ಮೊದಲು ನನ್ನ ಕ್ಲಾಸಿಗೇ ಬರ್ತಾರಂತೆ...”

ಮಿಸ್ ಪೆನಿನಾ! ಅವರೂ ತೆಲೇಸಿಯಾಳನ್ನು ನೋಡಿದರು.

“ನೀನು... ಇಲ್ಲಿ?”

“ಹೊಟ್ಟೆನೋವು, ಮಿಸ್.”

“ಓ.” ಮಿಸ್ ಕೆಮ್ಮಿದರು. “ನಂದು ಬೇರೆ. ನಿನ್ನೆ ತಿಂದ ಮೀನು...”

“ಪಾಪ, ಮೀನಿಗೆ ಬಾಯಿಲ್ಲ. ಏನು ಬೇಕಾದ್ರೂ ಹೇಳು,” ಎನ್ನುತ್ತಾ ಅಜ್ಜಿ ತೆಂಗಿನ ಗರಿಯ ತೆರೆ ಇಳಿಸಿದಳು. “ಮಲಕ್ಕೋ. ತೆಲೇಸಿಯಾ, ಕೈಗೆ ಎಣ್ಣೆ ಹಚ್ಕೋ. ನನ್ನ ಹೆಬ್ಬೆರಳು ಇವತ್ತು ಹೇಳಿದ ಮಾತು ಕೇಳ್ತಿಲ್ಲ. ಮತ್ತೆ ನೆನಪಿರಲಿ, ಚಾಪೆ ಮೇಲಿನ ಮಾತು ಚಾಪೆ ದಾಟಬಾರದು.”

ತೆಲೇಸಿಯಾಗೆ ಒಳಗೊಳಗೇ ಖುಷಿ. ಸೋಮಾರಿಗಳ ನೆಪ ಅಂದವರು ಇವರೇ ತಾನೆ? ಇದನ್ನು ಹೇಳಿದರೆ ಕ್ಲಾಸು ಒಂದು ವಾರ ನಗುತ್ತದೆ!

ಆದರೆ ಅವಳು ಮಿಸ್ ಅವರ ಹೊಟ್ಟೆಯ ಮೇಲೆ ಕೈಯಿಟ್ಟಾಗ ಅದೇ ಜಾಗದಲ್ಲಿ, ಅದೇ ಡಬಡಬ. ಅವಳಿಗೆ ನಗು ಬರಲಿಲ್ಲ. ಅಜ್ಜಿ ತಿಕ್ಕಿದ ಹಾಗೆಯೇ, ನಿಧಾನವಾಗಿ ತಿಕ್ಕಿದಳು.

“ಇಬ್ಬರ ಜೀವವೂ ಜಾಗಕ್ಕೆ ಬಂತು. ಏಳಿ, ಹೊರಡಿ!” ಎಂದಳು ಅಜ್ಜಿ. ತೆಲೇಸಿಯಾಗೆ ಈಗ ನೆಪವೇ ಉಳಿದಿರಲಿಲ್ಲ.

ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಕ್ಲಾಸಿಗೆ ಬಂದವರೇ ಮೂಗು ಅರಳಿಸಿದರು.

“ಇದೇನು, ಕೊಬ್ಬರಿ ಎಣ್ಣೆ ಘಮ್ ಅಂತಿದೆ?”

“ತೆಲೇಸಿಯಾದು, ಸಾರ್! ಹೊಟ್ಟೆ ತಿಕ್ಕಿಸ್ಕೊಂಡು ಬಂದಿದ್ದಾಳೆ!” ಸೆಮಿಸಿ ಕೂಗಿದ. ಕ್ಲಾಸು ಘೊಳ್ಳೆಂದಿತು.

ಮಿಸ್ ಪೆನಿನಾ ಮುಖ ಬಿಳಿಚಿಕೊಂಡಿತು. ಒಂದೇ ಮಾತು ಸಾಕಿತ್ತು. ಅದು ತೆಲೇಸಿಯಾಳ ನಾಲಿಗೆಯ ತುದಿಗೇ ಬಂದಿತ್ತು.

“ಹೌದು ಸಾರ್,” ಎಂದಳು, “ನಂದೇ.”

ಭಾಷಣ ಶುರುವಾಯಿತು. ಒಂದು ಸಾಲು, ಎರಡು ಸಾಲು. ಮೂರನೆಯದಕ್ಕೆ ಬಾಯಿ ಒಣಗಿತು. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ಕೇಳಿಸಿತು.

ತೆಲೇಸಿಯಾ ಮಿಸ್ ಕಡೆ ನೋಡಿದಳು. ಇನ್ಸ್‌ಪೆಕ್ಟರ್ ಬೆನ್ನ ಹಿಂದೆ ನಿಂತಿದ್ದ ಮಿಸ್ ಪೆನಿನಾ, ತಮ್ಮ ಹೊಟ್ಟೆಯ ಮೇಲೆ ಅಂಗೈಯನ್ನು ಒಂದು ಸುತ್ತು ತಿರುಗಿಸಿದರು.

ತೆಲೇಸಿಯಾಳೂ ತನ್ನ ಹೊಟ್ಟೆಯ ಮೇಲೆ ಒಂದು ಸುತ್ತು ತಿರುಗಿಸಿದಳು. ಮೂರನೇ ಸಾಲು ಬಂತು.