ಪವಿತ್ರಳ ಕಾಲಿನದೇನೂ ತಪ್ಪಿಲ್ಲ!

"ಇನ್ನೊಂದು ಎಲೇನಾ, ಪವಿತ್ರ?"

ಸಪ್ಪಲಮ್ಮನ ಗುಡಿಯ ಬಾಡೂಟದಲ್ಲಿ ಎರಡನೇ ಎಲೆಗೆ ಊಟ ಹಾಕಿಸಿಕೊಳ್ಳುತ್ತಿದ್ದವಳು ಆ ದನಿ ಕೇಳಿ ತಿರುಗಿದಳು. ಎದುರಿಗೆ ನಂದೀಶ್! ದೇವನಹಳ್ಳಿಯ ಜಿಮ್‌ನಲ್ಲಿ ಆರು ತಿಂಗಳಿಂದ ಅವಳಿಗೆ ಕಸರತ್ತು ಹೇಳಿಕೊಡುತ್ತಿದ್ದವನು. ಅವನೆಂದರೆ ಅವಳಿಗೆ ಒಳಗೊಳಗೇ ಇಷ್ಟ, ಅದು ಬೇರೆ ಮಾತು.

"ಸೊಪ್ಪು, ಹೆಸರುಕಾಳು ಅಂತ ದಿನಾ ಊಟದ ಫೋಟೋ ಕಳಿಸ್ತೀರಿ. ಕಾಲಿನ ದಪ್ಪ ಯಾಕೆ ಇಳೀತಿಲ್ಲ ಅಂತ ಈಗ ಗೊತ್ತಾಯ್ತು ಬಿಡಿ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮನೆಯಲ್ಲಿ ಮಂಡಿನೋವೆಂದು ಕೂತಿದ್ದ ಅಜ್ಜಿ ಮುನಿತಾಯಮ್ಮನಿಗೆಂದು ಕಟ್ಟಿಸಿಕೊಳ್ಳುತ್ತಿದ್ದ ಊಟ ಅದು. ಕಣ್ಣು ತುಂಬಿಕೊಂಡು ಹೊರಟುಬಿಟ್ಟಳು.

ಏರ್‌ಪೋರ್ಟ್ ಕೌಂಟರಿನ ಕೆಲಸದಲ್ಲಿ ದಿನಾ ಎಂಟು ಗಂಟೆ ನಿಂತು ಬಂದರೆ ಕಾಲು ಎತ್ತಿಡಲಾಗದಷ್ಟು ಭಾರ. ಒತ್ತಿದರೆ ನೋವು, ಸ್ವಲ್ಪ ತಗುಲಿದರೂ ಕಪ್ಪುಗಟ್ಟುತ್ತಿತ್ತು. ಪಾದ ಮಾತ್ರ ಸಣ್ಣಗೆ!

'ಇಷ್ಟು ಒದ್ದಾಡಿದ್ದೂ ಸುಳ್ಳಾ? ಅವನೂ ನಂಬಲಿಲ್ಲವಲ್ಲ...'

ಜಿಮ್ಮಿಗೆ ಹೋಗುವುದನ್ನೇ ಬಿಟ್ಟಳು. ಎರಡು ವಾರದ ಮೇಲೆ ಅವನ ವಾಯ್ಸ್ ಮೆಸೇಜ್ ಬಂತು.

"ಆರು ತಿಂಗಳಿಂದ ಬರೆದಿಟ್ಟಿದ್ದ ನಿಮ್ಮ ಅಳತೆ ತೆಗೆದು ನೋಡ್ದೆ. ಸೊಂಟ ನಾಲ್ಕು ಇಂಚು ಇಳ್ದಿದೆ, ಕಾಲು ಅರ್ಧ ಇಂಚೂ ಇಳ್ದಿಲ್ಲ. ಕದ್ದು ತಿಂದಿದ್ರೆ ಸೊಂಟ ಹೆಂಗೆ ಇಳೀತಿತ್ತು? ತಪ್ಪು ನಂದು ಕಣ್ರೀ. ಒಂದ್ಸಲ ಡಾಕ್ಟ್ರಿಗೆ ತೋರಿಸಿ..."

ಸಿಟ್ಟಿನಲ್ಲೇ ಹೋದಳು. ಡಾಕ್ಟರಮ್ಮ ಕಾಲು ನೋಡಿ ಮೆಲ್ಲಗೆ ಹೇಳಿದರು.

"ಇದು ಲಿಪಿಡೀಮಾ ಕಣಮ್ಮ. ಮಾಮೂಲಿ ಕೊಬ್ಬು ಊಟ ಕಡಿಮೆ ಮಾಡಿದ್ರೆ, ಓಡಿದ್ರೆ ಖರ್ಚಾಗುತ್ತೆ. ಈ ಕೊಬ್ಬಿಗೇ ಕಾಯಿಲೆ. ಊದ್ಕೊಂಡು, ನೀರು ಸೇರ್ಕೊಂಡು, ನಾರುಗಟ್ಟಿ ಕೂತಿರುತ್ತೆ. ದೇಹಕ್ಕೆ ಅದನ್ನ ಸುಲಭವಾಗಿ ಕರಗಿಸೋಕೆ ಆಗಲ್ಲ. ಬಿಗಿಯಾದ ಕಾಲುಚೀಲ ಹಾಕ್ಕೊಳ್ಳಿ, ನಡೀರಿ, ಈಜಾಡಿ, ನೋವು ಕಮ್ಮಿಯಾಗುತ್ತೆ. ತಪ್ಪು ನಿಮ್ಮದಲ್ಲ."

ತಪ್ಪು ನಿಮ್ಮದಲ್ಲ! ಪವಿತ್ರ ಅಲ್ಲೇ ಅತ್ತಳು, ಅಳುತ್ತಲೇ ನಕ್ಕಳು. ತನ್ನ ಕಾಲಿನ ಮೇಲೆ ತಾನೇ ಹತ್ತು ವರ್ಷ ಹಲ್ಲು ಕಡಿದಿದ್ದಳಲ್ಲ, ಪಾಪ!

ಸಂಜೆ ಮನೆಗೆ ಬಂದರೆ ಗೇಟಿನ ಹತ್ತಿರ ನಂದೀಶ್ ತಲೆ ತಗ್ಗಿಸಿ ನಿಂತಿದ್ದಾನೆ!

"ಎಲ್ಲರ ಮುಂದೆ ಅಂದ್ಬಿಟ್ಟೆ. ಕ್ಷಮಿಸಿ."

"ಈ ಕಾಲು ಹೀಗೇ ಇದ್ದುಬಿಡಬಹುದಂತೆ," ಎಂದಳು, ಅವನ ಮುಖವನ್ನೇ ನೋಡುತ್ತ.

"ಇರ್ಲಿ ಬಿಡಿ! ನೀವು ಬಾರದೆ ಹದಿನೈದು ದಿನ ಆಯ್ತು. ನಂಗೆ ಜಿಮ್ ಬಾಗಿಲು ನೋಡೋದೇ ಕೆಲಸ ಆಗ್ಬಿಟ್ಟಿದೆ. ನೀವಂದ್ರೆ ಇಷ್ಟ ಕಣ್ರೀ... ಇವತ್ತಿಂದಲ್ಲ."

ಅವಳ ಕೆನ್ನೆ ಕೆಂಪಾಯಿತು. ಅಷ್ಟು ಬೇಗ ಸೋಲುವ ಹುಡುಗಿಯೇ?

"ರಸ್ತೇಲಿ ಹೇಳೋ ಮಾತಾ ಇದು? ಧೈರ್ಯ ಇದ್ರೆ ನಿಮ್ಮನೆಯವ್ರನ್ನ ಕರ್ಕೊಂಡು ಬನ್ನಿ!"

ನಂದೀಶ್ ತಲೆ ಕೆರೆದುಕೊಂಡ.

"ನಮ್ಮಮ್ಮ ಆಗ್ಲೇ ಒಳಗೆ ಕಾಫಿ ಕುಡೀತಾವ್ರೆ. ನೀವು ಕರೆಯೋವರ್ಗೂ ನಾನು ಹೊಸಿಲು ದಾಟಂಗಿಲ್ಲ ಅಂತ ನಿಮ್ಮಜ್ಜಿ ಹೇಳವ್ರೆ..."

ಪವಿತ್ರಳಿಗೆ ನಗು ತಡೆಯಲಾಗಲಿಲ್ಲ. ಗೇಟು ತೆಗೆದಳು.

"ಕರೀತಿದೀನಿ. ಬನ್ನಿ."